ಅಮಲ್ಜಾರಿಯಿಂದ ಹಿಂದಕ್ಕೆ: ವಕೀಲರಿಲ್ಲದೆ ಗ್ರಾಹಕ ಆಯೋಗದಲ್ಲಿ ದುಡ್ಡು ವಸೂಲಿ

ಗ್ರಾಹಕ ಆಯೋಗದಲ್ಲಿ ಸ್ವತಃ ನಿಂತು ಗೆಲ್ಲಬಹುದು ಎಂದರೆ ಒಪ್ಪುವವರು ಸಿಗುತ್ತಾರೆ. ಗೆದ್ದ ಮೇಲೆ ದುಡ್ಡು ಕೈಗೆ ಬರುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಆದೇಶ ಸಿಗುತ್ತದೆ, ಹಣ ಸಿಗುವುದಿಲ್ಲ ಎಂದು ನನಗೆ ಹೇಳಿದವರಲ್ಲಿ ಹಳೆಯ ವಕೀಲರೂ ಇದ್ದರು. ಹಣ ಬಂದಿದೆ. ಬಡ್ಡಿ ಸಮೇತ ಬಂದಿದೆ. ನನ್ನ ಪ್ರಕರಣದಲ್ಲಿ ಮಾತ್ರವಲ್ಲ, ನಾನು ಕಾಗದಪತ್ರ ಸಿದ್ಧ ಮಾಡಿಕೊಟ್ಟ ಪರಿಚಿತರ ಪ್ರಕರಣಗಳಲ್ಲೂ ಬಂದಿದೆ. ಅದಕ್ಕೇ ಈ ಬರಹ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 50 ಲಕ್ಷದವರೆಗೆ ಜಿಲ್ಲಾ ಆಯೋಗ, ದೂರು ಹಾಕಲು ಎರಡು ವರ್ಷದ ಕಾಲಮಿತಿ, ದೂರು ಸಲ್ಲಿಸುವ ಇ-ಜಾಗೃತಿ ಪೋರ್ಟಲ್ಲು ಇವೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತೇನೆ.

ನನ್ನ ಕ್ರಮ ಇಷ್ಟೇ: ದೂರಿಗೆ ಮೊದಲು ಅಮಲ್ಜಾರಿ ಅರ್ಜಿಯ, ಅಂದರೆ ಬಂದ ಆದೇಶವನ್ನು ಜಾರಿ ಮಾಡಿಸಿ ಹಣ ವಸೂಲು ಮಾಡುವ ಅರ್ಜಿಯ, ಕರಡು ಬರೆಯುತ್ತೇನೆ. ಯಾರ ಮೇಲೆ, ಯಾವ ವಿಳಾಸಕ್ಕೆ, ಎಷ್ಟು ರೂಪಾಯಿ, ಯಾವ ದಿನದಿಂದ ಬಡ್ಡಿ, ಕೊಡದಿದ್ದರೆ ಯಾವ ಬ್ಯಾಂಕ್ ಖಾತೆ. ಈ ಐದು ಜಾಗ ತುಂಬಲು ಆಗದಿದ್ದರೆ ದೂರು ಇನ್ನೂ ಸಿದ್ಧವಾಗಿಲ್ಲ ಎಂದೇ ಅರ್ಥ. ಆದೇಶದಲ್ಲಿ ಏನು ಬರಬೇಕೋ ಅದು ದೂರಿನ ಕೋರಿಕೆಯಲ್ಲಿ ಅದೇ ಮಾತಿನಲ್ಲಿ ಇರಬೇಕು. ಕೇಳದ್ದನ್ನು ಆಯೋಗ ತಾನಾಗಿ ಬರೆದುಕೊಡುತ್ತದೆ ಎಂದು ಕೂತರೆ ಕೊನೆಯಲ್ಲಿ ಕೈ ಖಾಲಿ.

ಹೆಚ್ಚು ಪ್ರಕರಣ ಕೆಡುವುದು ಮೊದಲ ಪುಟದಲ್ಲೇ, ಎದುರುದಾರರ ಹೆಸರಿನಲ್ಲಿ. ಅಂಗಡಿಯ ಬೋರ್ಡಿನ ಮೇಲಿರುವ ಹೆಸರನ್ನು ಹಾಕಿ ದೂರು ಕೊಡುತ್ತಾರೆ. ಆ ಹೆಸರಿನ ವ್ಯಕ್ತಿಯೂ ಇಲ್ಲ, ಕಂಪನಿಯೂ ಇಲ್ಲ. ಆದೇಶ ಬರುತ್ತದೆ, ಅಮಲ್ಜಾರಿಗೆ ಹೋದಾಗ ವಾರಂಟ್ ಯಾರ ಮೇಲೆ ಹೊರಡಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಬಿಲ್ ಕೈಗೆತ್ತಿಕೊಳ್ಳಿ. ಅದರಲ್ಲಿ ಹದಿನೈದು ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರ್ ಇರುತ್ತದೆ. ಜಿಎಸ್‌ಟಿ ಪೋರ್ಟಲ್ಲಿನಲ್ಲಿ ತೆರಿಗೆದಾರರನ್ನು ಹುಡುಕುವ ಕಡೆ ಅದನ್ನು ಹಾಕಿದರೆ ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ಪ್ರೊಪ್ರೈಟರೋ ಪಾಲುದಾರಿಕೆಯೋ ಕಂಪನಿಯೋ ಎಂಬುದು, ಮುಖ್ಯ ವ್ಯವಹಾರದ ಸ್ಥಳ ಎಲ್ಲ ಪುಕ್ಕಟೆ ಸಿಗುತ್ತದೆ. ಆ ಪುಟದ ಪ್ರಿಂಟ್ ತೆಗೆದು ದೂರಿನ ದಾಖಲೆಗಳಲ್ಲಿ ಸೇರಿಸಿಬಿಡುತ್ತೇನೆ. ಪ್ರೊಪ್ರೈಟರ್ ಆಗಿದ್ದರೆ ವ್ಯಕ್ತಿಯ ಹೆಸರು ಮೊದಲು, ಅಂಗಡಿಯ ಹೆಸರು ಆಮೇಲೆ. ಪಾಲುದಾರಿಕೆಯಾದರೆ ಸಂಸ್ಥೆ ಮತ್ತು ಪಾಲುದಾರರು. ಕಂಪನಿಯಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್ಲಿನಲ್ಲಿ ನೋಂದಾಯಿತ ಕಚೇರಿಯ ವಿಳಾಸ ಮತ್ತು ನಿರ್ದೇಶಕರ ಹೆಸರು. ನಿರ್ದೇಶಕರ ಪಟ್ಟಿಯನ್ನು ದೂರಿನ ಹಂತದಲ್ಲಿ ಬಳಸದಿದ್ದರೂ ಇಟ್ಟುಕೊಂಡಿರಿ, ಆದೇಶ ಪಾಲಿಸದವರಿಗೆ ಶಿಕ್ಷೆ ಕೋರುವ ಕಲಂ 72ರ ಹಂತದಲ್ಲಿ ಬೇಕಾಗುತ್ತದೆ.

ಎಷ್ಟು ಜನರನ್ನು ಎದುರುದಾರರನ್ನಾಗಿ ಮಾಡಬೇಕು? ಮಾರಿದವರು, ತಯಾರಕರು, ಸರ್ವೀಸ್ ಸೆಂಟರ್, ಆನ್‌ಲೈನ್ ವೇದಿಕೆ ಎಲ್ಲರನ್ನೂ ಎಳೆಯುವ ಚಪಲ ಇರುತ್ತದೆ. ಒಬ್ಬರಿಗೆ ಆಯೋಗದ ನೋಟಿಸ್ ಜಾರಿಯಾಗದಿದ್ದರೂ ವಾಯಿದೆ (ವಿಚಾರಣೆಯ ದಿನ) ಮುಂದಕ್ಕೆ ಹೋಗುತ್ತದೆ. ಮುಚ್ಚಿಹೋದ ಸರ್ವೀಸ್ ಸೆಂಟರಿನ ವಿಳಾಸವೊಂದು ಇಡೀ ಪ್ರಕರಣವನ್ನು ತಿಂಗಳುಗಟ್ಟಲೆ ನಿಲ್ಲಿಸಬಲ್ಲದು. ದುಡ್ಡು ಪಡೆದವರು ಮತ್ತು ವಾರಂಟಿ ಕೊಟ್ಟವರು, ಇಬ್ಬರು ಸಾಕು. ಆನ್‌ಲೈನ್ ಖರೀದಿಯಲ್ಲಿ ವೇದಿಕೆಯನ್ನೂ ಸೇರಿಸುತ್ತೇನೆ. ನಾವು ಬರೀ ಮಧ್ಯವರ್ತಿ ಎಂದು ಅವರು ಹೇಳಿಯೇ ಹೇಳುತ್ತಾರೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರ ದೂರು ಅಧಿಕಾರಿ 48 ಗಂಟೆಯೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದನ್ನು ಮಾಡಿಲ್ಲ ಎಂಬ ಇಮೇಲ್ ಸರಣಿ ಇದ್ದರೆ ಅವರ ಮೇಲೂ ಸೇವಾ ನ್ಯೂನತೆ ನಿಲ್ಲುತ್ತದೆ.

ಬಿಲ್ ಯಾರ ಹೆಸರಿನಲ್ಲಿದೆ ಎಂಬುದನ್ನೂ ಅಷ್ಟೇ ಕಾಳಜಿಯಿಂದ ನೋಡಬೇಕು. ಸ್ವಂತಕ್ಕೆ ತೆಗೆದುಕೊಂಡ ಲ್ಯಾಪ್‌ಟಾಪಿಗೆ ಸ್ವಲ್ಪ ತೆರಿಗೆ ಉಳಿಯುತ್ತದೆಂದು ಆಫೀಸಿನ ಜಿಎಸ್‌ಟಿ ನಂಬರ್ ಕೊಟ್ಟು ಬಿಲ್ ಮಾಡಿಸಿಕೊಂಡವರ ದೂರು 'ವಾಣಿಜ್ಯ ಉದ್ದೇಶ' (ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ) ಎಂಬ ಒಂದೇ ಆಕ್ಷೇಪಣೆಗೆ ಬಿದ್ದುಹೋಗಬಹುದು. ಹೊಲಿಗೆ ಯಂತ್ರ, ಝೆರಾಕ್ಸ್ ಯಂತ್ರ, ಸರಕು ಆಟೋ ಇಂಥವಾದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಖರೀದಿಸಿದ್ದು ಎಂಬ ವಾಕ್ಯ ದೂರಿನೊಳಗೇ ಇರಬೇಕು. ವಾದದ ಹೊತ್ತಿಗೆ ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ.

ದೂರಿಗೆ ಮೊದಲು ಎದುರುದಾರರಿಗೆ ನಾವೇ ನೋಟಿಸ್ ಕೊಡುವುದು ಕಡ್ಡಾಯವಲ್ಲ. ಆದರೂ ನಾನು ಬಿಡುವುದಿಲ್ಲ. ವಕೀಲರ ಲೆಟರ್‌ಹೆಡ್ಡಿನಲ್ಲೇ ಹೋಗಬೇಕೆಂದಿಲ್ಲ, ದೂರುದಾರರ ಹೆಸರಿನಲ್ಲೇ ಒಂದೂವರೆ ಪುಟ, ಹದಿನೈದು ದಿನದ ಗಡುವು. ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ, ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ. ಇಮೇಲಿಗೂ ಹಾಕಿ. ತಲುಪಿದ ಮರುದಿನವೇ ಟ್ರ್ಯಾಕಿಂಗ್ ಪುಟದ ಪ್ರಿಂಟ್ ತೆಗೆಯಿರಿ, ತಿಂಗಳುಗಳು ಕಳೆದ ಮೇಲೆ ಆ ಮಾಹಿತಿ ಜಾಲತಾಣದಲ್ಲಿ ಸಿಗುವುದಿಲ್ಲ. ಉತ್ತರ ಬಂದರೆ ಅವರ ವಾದ ಏನೆಂದು ಮೊದಲೇ ಗೊತ್ತಾಗುತ್ತದೆ, ಬರದಿದ್ದರೆ ಮೌನವೇ ದಾಖಲೆ. ನೋಟಿಸಿನ ಕೊನೆಯ ಪ್ಯಾರಾದಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದೆ, ಅದಕ್ಕೆ ಅವರು ಹೇಗೆ ಉತ್ತರಿಸಿದರೂ ನಮಗೇ ಅನುಕೂಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಎದುರುದಾರರ ಕಡೆಯವರೂ ಓದುತ್ತಾರೆ.

ಒಂದು ಎಚ್ಚರಿಕೆ: ಪತ್ರ ಬರೆಯುತ್ತಾ ಕೂತರೆ ಎರಡು ವರ್ಷದ ಗಡಿಯಾರ ನಿಲ್ಲುವುದಿಲ್ಲ. ಕಾರಣ ಹುಟ್ಟಿದ ದಿನದಿಂದಲೇ ಲೆಕ್ಕ. ತಡವಾಗಿದ್ದರೆ ಕಲಂ 69ರಡಿ ವಿಳಂಬ ಮನ್ನಾ ಅರ್ಜಿ ಬೇಕು, ತಡವಾದ ಅವಧಿಗೆಲ್ಲ ಸರಿಯಾದ ಕಾರಣ ಕೊಡಬೇಕು. 'ಅವರು ಮಾಡಿಕೊಡುತ್ತೇವೆ ಎನ್ನುತ್ತಲೇ ಇದ್ದರು' ಎಂಬ ಕಾರಣ ಬಹಳ ಸಲ ಸಾಲುವುದಿಲ್ಲ.

ಇನ್ನು ದೂರು. ಮೊದಲ ಹಾಳೆ ದಿನಾಂಕಗಳ ಪಟ್ಟಿ: ಎಡಕ್ಕೆ ದಿನಾಂಕ, ನಡುವೆ ಏನಾಯಿತು ಎಂದು ಒಂದೇ ಸಾಲು, ಬಲಕ್ಕೆ ದಾಖಲೆ ನಂಬರ್ ಮತ್ತು ಪುಟ. ಬಲಗಡೆ ಖಾಲಿ ಬಿಟ್ಟ ಸಾಲು ಒಂದೂ ಇರಬಾರದು. ದಾಖಲೆ ಇಲ್ಲದ ಘಟನೆಯನ್ನು ನಾನು ಪಟ್ಟಿಯಿಂದಲೇ ತೆಗೆಯುತ್ತೇನೆ. ಒಳಗಿನ ವಿವರ ನಾಲ್ಕೈದು ಪುಟ ಮೀರಬಾರದು. ಕನ್ನಡದಲ್ಲೇ ಬರೆಯಬಹುದು, ನಾನು ಬರೆಯುವುದೂ ಕನ್ನಡದಲ್ಲೇ. ಪ್ರತಿಗಳು ಮೂರು ಸೆಟ್, ಜೊತೆಗೆ ಎದುರುದಾರರ ತಲೆಗೊಂದು. ಪೋರ್ಟಲ್ಲಿನಲ್ಲಿ ಹಾಕಿದರೂ ಕಾಗದದ ಪ್ರತಿ ಸಿದ್ಧವಿರಲಿ, ಕಚೇರಿಯಲ್ಲಿ ಕೇಳುವುದುಂಟು. ಸ್ಕ್ಯಾನ್ ಮಂಕಾಗಿದೆ, ಪುಟಸಂಖ್ಯೆ ಇಲ್ಲ, ಸೂಚಿಯಲ್ಲಿರುವ ಪುಟ ತಪ್ಪು: ಪರಿಶೀಲನೆಯಲ್ಲಿ ದೂರು ಹಿಂದಕ್ಕೆ ಬರುವುದು ಇಂಥ ಕಾರಣಗಳಿಗೇ. ಥರ್ಮಲ್ ಕಾಗದದ ಬಿಲ್ ಒಂದು ವರ್ಷದಲ್ಲಿ ಅಳಿಸಿಹೋಗಬಹುದು, ಕೊಂಡ ದಿನವೇ ಸ್ಕ್ಯಾನ್ ಮಾಡಿ.

ವಾಟ್ಸ್ಆಪ್ ಸಂದೇಶ, ಇಮೇಲ್, ಕರೆಯ ರೆಕಾರ್ಡಿಂಗ್ ಹಾಕುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಲಗತ್ತಿಸಿ. ಹಳೆಯ ಸಾಕ್ಷ್ಯ ಕಾಯ್ದೆಯ 65-ಬಿ ನಮೂನೆ 2024ರ ಜುಲೈ 1ಕ್ಕೆ ಮುಗಿಯಿತು. ಹೊಸ ನಮೂನೆಯಲ್ಲಿ ಎ ಮತ್ತು ಬಿ ಎಂದು ಎರಡು ಭಾಗ, ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನ ಬೆರಳಚ್ಚಿನಂಥ ಸಂಕೇತ) ಬರೆಯಬೇಕು. ಮೊದಲ ಭಾಗ ನಾವು ತುಂಬುವುದು, ಎರಡನೆಯದು ತಜ್ಞರದ್ದು. ಆಯೋಗದಲ್ಲಿ ನಡೆಯುವುದು ಸಂಕ್ಷಿಪ್ತ ವಿಚಾರಣೆ, ಸಾಕ್ಷ್ಯದ ವಿಷಯದಲ್ಲಿ ಸಿವಿಲ್ ಕೋರ್ಟಿನಷ್ಟು ಬಿಗಿ ಇಲ್ಲ. ಆದರೆ ಮೇಲ್ಮನವಿಯಲ್ಲಿ ಎಳೆ ಹಿಡಿದು ಜಗ್ಗುವವರಿಗೆ ಯಾಕೆ ಅವಕಾಶ ಕೊಡಬೇಕು?

ಯಂತ್ರದ ದೋಷದ ಪ್ರಕರಣಗಳಲ್ಲಿ ಜಾಬ್ ಶೀಟೇ ಪ್ರಾಣ. ಮೆಕ್ಯಾನಿಕ್ ಬಂದು ಹೋದಾಗಲೆಲ್ಲ ಜಾಬ್ ಶೀಟ್ ನಂಬರ್ ಪಡೆಯಿರಿ. ಅದರಲ್ಲಿ 'ಗ್ರಾಹಕರು ಹೇಳಿದ್ದು' ಎಂಬ ಕಾಲಂ ಬೇರೆ, 'ಪರಿಶೀಲನೆಯಲ್ಲಿ ಕಂಡದ್ದು' ಎಂಬ ಕಾಲಂ ಬೇರೆ. ಎರಡನೆಯ ಕಾಲಮ್ಮಿನಲ್ಲಿ 'ದೋಷ ಕಂಡುಬಂದಿಲ್ಲ' ಎಂದು ಬರೆದು ಸಹಿ ಕೇಳಿದರೆ, ಸಹಿಯ ಪಕ್ಕದಲ್ಲೇ 'ದೋಷ ಮುಂದುವರಿದಿದೆ' ಎಂದು ಬರೆದು ಸಹಿ ಹಾಕಿ. ಆ ಎರಡು ಪದಗಳಿಂದ ನಿಂತ ಪ್ರಕರಣಗಳನ್ನು ನೋಡಿದ್ದೇನೆ. ಪ್ರಯೋಗಾಲಯ ಪರೀಕ್ಷೆಗೆ ಕಳಿಸಿ ಎಂದು ಎದುರುದಾರರು ಕೇಳಿದರೆ ಶುಲ್ಕ ಮೊದಲು ದೂರುದಾರರ ತಲೆಗೇ ಬರುತ್ತದೆ, ಇತ್ಯರ್ಥದ ಗುರಿ ಮೂರು ತಿಂಗಳಿದ್ದದ್ದು ಕಾಗದದ ಮೇಲೂ ಐದು ತಿಂಗಳಾಗುತ್ತದೆ. ಒಂದೇ ಭಾಗ ಮತ್ತೆ ಮತ್ತೆ ಬದಲಾಗಿದ್ದನ್ನು ಜಾಬ್ ಶೀಟುಗಳೇ ಹೇಳುವಾಗ ಪರೀಕ್ಷೆಯ ಅಗತ್ಯವಿಲ್ಲ ಎಂದು ವಾದಿಸಿ.

ಕೋರಿಕೆ ಹೀಗಿರಲಿ: ಪಾವತಿಸಿದ ಮೊತ್ತ, ಪಾವತಿಸಿದ ದಿನದಿಂದ ವಾರ್ಷಿಕ ಇಷ್ಟು ಬಡ್ಡಿ, ಮಾನಸಿಕ ಯಾತನೆಗೆ ಇಷ್ಟು, ವ್ಯಾಜ್ಯ ವೆಚ್ಚ ಇಷ್ಟು, 45 ದಿನದೊಳಗೆ ಕೊಡದಿದ್ದರೆ ಮುಂದಕ್ಕೆ ಇಷ್ಟು ಹೆಚ್ಚಿನ ಬಡ್ಡಿ, ಎದುರುದಾರರು ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆ. ಕೊನೆಯ ಎರಡನ್ನು ಬಹಳ ಜನ ಮರೆಯುತ್ತಾರೆ. ನಾನು ನೋಡಿದ ಆದೇಶಗಳಲ್ಲಿ ಬಡ್ಡಿ ಸಾಮಾನ್ಯವಾಗಿ 6ರಿಂದ 9 ಶೇಕಡ. ಸಣ್ಣ ಪ್ರಕರಣಗಳಲ್ಲಿ ಯಾತನೆಗೆ ಐದರಿಂದ ಇಪ್ಪತ್ತು ಸಾವಿರ, ಖರ್ಚಿಗೆ ಮೂರರಿಂದ ಹತ್ತು ಸಾವಿರ. ಮೂವತ್ತು ಸಾವಿರದ ಫ್ರಿಜ್ಜಿಗೆ ಹತ್ತು ಲಕ್ಷ ಪರಿಹಾರ ಕೇಳಿದರೆ ನಷ್ಟ ಹೇಗೆ ಎಂದು ತೋರಿಸಬೇಕಾಗುತ್ತದೆ, ಉಳಿದ ಮಾತಿಗೂ ಬೆಲೆ ಕಡಿಮೆಯಾಗುತ್ತದೆ.

ಯಾವ ಆಯೋಗಕ್ಕೆ ಹೋಗಬೇಕು ಎಂಬ ವ್ಯಾಪ್ತಿಯ ಲೆಕ್ಕ ಈಗ ಕೇಳಿದ ಪರಿಹಾರದ ಮೇಲಲ್ಲ, ಪ್ರತಿಫಲವಾಗಿ ನಾವು ಪಾವತಿಸಿದ ಹಣದ ಮೇಲೆ. ಅದು ಸರಿ ಎಂದು ಸುಪ್ರೀಂ ಕೋರ್ಟು 2025ರ ಏಪ್ರಿಲ್‌ನಲ್ಲಿ ಎತ್ತಿಹಿಡಿದಿದೆ. ಹಾಗಾಗಿ ಕೋಟಿ ರೂಪಾಯಿಯ ವಿಮೆಯಾದರೂ ಕಟ್ಟಿದ ಪ್ರೀಮಿಯಂ ಸಣ್ಣದಿದ್ದರೆ ಜಿಲ್ಲಾ ಆಯೋಗಕ್ಕೇ ಹೋಗಬೇಕು. ಶುಲ್ಕವೂ ಅದೇ ಲೆಕ್ಕದಲ್ಲಿ. ಐದು ಲಕ್ಷದವರೆಗೆ ಇಲ್ಲ, ಹತ್ತು ಲಕ್ಷದವರೆಗೆ 200, ಇಪ್ಪತ್ತರವರೆಗೆ 400, ಐವತ್ತರವರೆಗೆ 1,000 ರೂಪಾಯಿ. ಪ್ರಿಂಟು, ಝೆರಾಕ್ಸು, ನೋಟರಿ, ಅಂಚೆ ಸೇರಿ ಒಂದು ಸಾಧಾರಣ ಪ್ರಕರಣಕ್ಕೆ ಎರಡು ಸಾವಿರದ ಆಸುಪಾಸು ಸಾಕು. ನಿಜವಾದ ಖರ್ಚು ಎಂದರೆ ವಾಯಿದೆ ದಿನದ ರಜೆ. ವಿಡಿಯೊ ಮೂಲಕ ವಿಚಾರಣೆಗೆ ಅರ್ಜಿ ಹಾಕಲು ಕಲಂ 38(6)ರಲ್ಲೇ ಅವಕಾಶವಿದೆ, ಬಳಸಿಕೊಳ್ಳಿ. ದೂರುದಾರರು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು ಎಂಬ 2019ರ ಬದಲಾವಣೆ ಖರ್ಚನ್ನು ಅರ್ಧಕ್ಕರ್ಧ ಇಳಿಸಿದೆ.

ಕರಾರೇ ಅನ್ಯಾಯದ್ದು, ಅದನ್ನು ರದ್ದು ಮಾಡಿ ಎಂಬ ಕೋರಿಕೆಯನ್ನು ಜಿಲ್ಲಾ ಆಯೋಗದಲ್ಲಿ ಹಾಕಬೇಡಿ. ಆ ಅಧಿಕಾರ ಇರುವುದು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ. ಅದೇ ಸಂಗತಿಯನ್ನು ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ ಎಂದು ಬರೆದರೆ ಜಿಲ್ಲೆಯಲ್ಲೇ ನಡೆಯುತ್ತದೆ. ಕರಾರಿನಲ್ಲಿ ಪಂಚಾಯ್ತಿ ಕಲಮು ಇದೆ, ಆರ್ಬಿಟ್ರೇಷನ್ನಿಗೆ ಹೋಗಿ ಎಂಬ ಆಕ್ಷೇಪಣೆಗೆ 2018ರ ಡಿಸೆಂಬರಿನ ಎಮಾರ್ ಎಂಜಿಎಫ್ ತೀರ್ಪು ಸಾಕು. ಮನೆ ಕೊಂಡವರಿಗೆ ರೇರಾಕ್ಕೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಹೋಗಿ ಎಂದರೆ 2020ರ ಇಂಪೀರಿಯಾ ಸ್ಟ್ರಕ್ಚರ್ಸ್ ತೀರ್ಪು.

ಆಯೋಗದ ನೋಟಿಸ್ ಜಾರಿಯಾದ ಮೇಲಿನ 45 ದಿನ ಇಡೀ ಪ್ರಕರಣದ ಕೀಲಿ. ಎದುರುದಾರರು ತಕರಾರು (ಲಿಖಿತ ಉತ್ತರ) ಸಲ್ಲಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15. ಅದರಾಚೆಗೆ ಒಂದು ದಿನವೂ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್ 4ರಂದು ಹಿಲ್ಲಿ ಮಲ್ಟಿಪರ್ಪಸ್ ಪ್ರಕರಣದಲ್ಲಿ ಹೇಳಿದೆ. ಲೆಕ್ಕ ಶುರುವಾಗುವುದು ದೂರಿನ ಪ್ರತಿಯ ಸಮೇತ ನೋಟಿಸ್ ತಲುಪಿದ ದಿನದಿಂದ. ಅವರ ವಕೀಲರು ಮೊದಲ ವಾಯಿದೆಗೆ ಬಂದು ದೂರಿನ ಪ್ರತಿ ಸಿಕ್ಕಿಲ್ಲ ಎನ್ನುತ್ತಾರೆ, ಆಗ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಹಾಗಾಗದಂತೆ ಅಂದೇ ಒಂದು ಪೂರ್ತಿ ಸೆಟ್ಟನ್ನು ಅವರ ಕೈಗಿತ್ತು, ನಮ್ಮ ಪ್ರತಿಯ ಮೇಲೆ ಸಹಿ-ದಿನಾಂಕ ಹಾಕಿಸಿಕೊಳ್ಳಬೇಕು. 46ನೇ ದಿನ ಒಂದೇ ಪುಟದ ಮೆಮೊ: ತಲುಪಿದ ದಿನ, ಪುರಾವೆಯ ಪುಟ, ತಕರಾರಿನ ಹಕ್ಕು ಮುಗಿದಿದೆ ಎಂಬ ಕೋರಿಕೆ. ಹಕ್ಕು ಮುಗಿದ ಮಾತ್ರಕ್ಕೆ ಗೆದ್ದ ಹಾಗಲ್ಲ, ನಮ್ಮ ಪ್ರಕರಣವನ್ನು ಅಫಿಡವಿಟ್ಟಿನಿಂದ ನಾವೇ ಸಾಬೀತು ಮಾಡಬೇಕು, ಕಾನೂನಿನ ಪ್ರಶ್ನೆಗಳನ್ನು ಅವರು ವಾದದಲ್ಲಿ ಎತ್ತಬಹುದು. ಆದರೆ ಹೊಸ ಕಥೆ ಕಟ್ಟುವ ದಾರಿ ಮುಚ್ಚಿರುತ್ತದೆ.

ಬೇರೆ ದಾರಿಗಳನ್ನೂ ಪ್ರಯೋಗ ಮಾಡಿದ್ದೇನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ದೊಡ್ಡ ಕಂಪನಿಗಳ ವಿಷಯದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ರೀಫಂಡಿನಂಥ ಜಗಳ ಅಲ್ಲೇ ಮುಗಿಯುತ್ತದೆ. ಸಣ್ಣ ಅಂಗಡಿ, ಬಿಲ್ಡರುಗಳಿಗೆ ನಾಟುವುದಿಲ್ಲ, ಆದರೂ ದೂರಿನ ಸಂಖ್ಯೆ ದಾಖಲೆಗೆ ಬರುತ್ತದೆ. ವಿಮೆಗೆ ಓಂಬುಡ್ಸ್‌ಮನ್ (ದೂರು ಕೇಳಿ ತೀರ್ಮಾನಿಸುವ ಅಧಿಕಾರಿ) ನನ್ನ ಮೆಚ್ಚಿನ ದಾರಿ. ಬೆಂಗಳೂರಿನಲ್ಲಿ ಜೆ.ಪಿ. ನಗರದ ಜೀವನ ಸೌಧದಲ್ಲಿದೆ, ಶುಲ್ಕವಿಲ್ಲ, ವಕೀಲರಿಗೆ ಅವಕಾಶವಿಲ್ಲ, 50 ಲಕ್ಷದವರೆಗೆ. ತೀರ್ಪು ಕಂಪನಿಯ ಮೇಲೆ ಬದ್ಧ, ನಮಗೆ ಒಪ್ಪಿಗೆಯಾಗದಿದ್ದರೆ ಆಯೋಗದ ಬಾಗಿಲು ತೆರೆದೇ ಇರುತ್ತದೆ. ಬ್ಯಾಂಕಿನ ದೂರಿಗೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಮೊದಲು ಬ್ಯಾಂಕಿಗೆ ಬರೆದು 30 ದಿನ ಕಾಯಬೇಕು. ಎರಡಕ್ಕೂ ಒಂದೇ ನಿಯಮ: ಆಯೋಗದಲ್ಲಿ ಮೊದಲೇ ದೂರು ಹಾಕಿದ್ದರೆ ಅವರು ಮುಟ್ಟುವುದಿಲ್ಲ. ಕ್ರಮ ತಪ್ಪಿದರೆ ಒಂದು ದಾರಿ ಪೂರ್ತಿ ಮುಚ್ಚಿತು. ವಿದ್ಯುತ್, ನೀರು, ಸಾರಿಗೆ, ಆಸ್ಪತ್ರೆಯಂಥ ಸಾರ್ವಜನಿಕ ಸೇವೆಗೆ ಕಾಯಂ ಲೋಕ ಅದಾಲತ್ತೂ ಇದೆ. ರಾಜಿಯಾಗದಿದ್ದರೂ ಅದು ತೀರ್ಪು ಕೊಡಬಲ್ಲದು, ಆದರೆ ಆ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಅದಕ್ಕೇ ದಾಖಲೆ ಗಟ್ಟಿಯಿದ್ದಾಗ ಮಾತ್ರ ಅಲ್ಲಿಗೆ ಹೋಗುತ್ತೇನೆ. ಆಯೋಗದೊಳಗಿನ ಮಧ್ಯಸ್ಥಿಕೆಗೆ ಒಪ್ಪಬಹುದು, ಒಂದು ಷರತ್ತಿನ ಮೇಲೆ: ರಾಜಿಪತ್ರದಲ್ಲಿ ಪಾವತಿಯ ದಿನಾಂಕ ಮತ್ತು ತಪ್ಪಿದರೆ ಬಡ್ಡಿ ಇರಬೇಕು.

ಈಗ ಅಮಲ್ಜಾರಿ. ಆದೇಶದ ಪ್ರಮಾಣಿತ ಪ್ರತಿ ಉಚಿತವಾಗಿ ಬರುತ್ತದೆ. ಮೇಲ್ಮನವಿಗೆ 45 ದಿನ, ಹಾಕುವವರು ಆದೇಶದ ಮೊತ್ತದಲ್ಲಿ ಅರ್ಧ ಠೇವಣಿ ಇಡಲೇಬೇಕು. ಅರ್ಧ ಕಟ್ಟಬೇಕೆಂದ ಕೂಡಲೇ ರಾಜಿಗೆ ಬರುವವರು ಬಹಳ. ಸುಮ್ಮನಿದ್ದರೆ ಗಡುವು ಮುಗಿದ ವಾರದಲ್ಲೇ ಎರಡು ಅರ್ಜಿ. ಕಲಂ 71ರಡಿ ವಸೂಲಿ, ಅದು ಸಿವಿಲ್ ಡಿಕ್ರಿಯ ಹಾಗೆ ನಡೆಯುತ್ತದೆ. ಕಲಂ 72ರಡಿ ಶಿಕ್ಷೆ, ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಅಥವಾ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಬರೀ 71 ಹಾಕಿದರೆ ವಾಯಿದೆಗಳಲ್ಲಿ ಕಳೆದುಹೋಗುತ್ತದೆ. ಬರೀ 72 ಹಾಕಿದರೆ ದಂಡ ಸರ್ಕಾರಕ್ಕೆ ಹೋಗುತ್ತದೆ, ನಮ್ಮ ಹಣ ಉಳಿದೇ ಇರುತ್ತದೆ. ಎರಡನ್ನೂ ಬೇರೆ ಬೇರೆ ಸಂಖ್ಯೆಯಲ್ಲಿ ಒಟ್ಟಿಗೆ ನಡೆಸಬೇಕು.

71ರ ಅರ್ಜಿಗೆ ಲೆಕ್ಕದ ಹಾಳೆ ಬೇಕು. ಉದಾಹರಣೆಗೆ 38,000 ರೂಪಾಯಿ ಅಸಲು, ಶೇಕಡ 9 ಸರಳ ಬಡ್ಡಿ, ಎರಡೂಕಾಲು ವರ್ಷ: ವರ್ಷಕ್ಕೆ 3,420, ಒಟ್ಟು 7,695. ಪರಿಹಾರ 10,000, ಖರ್ಚು 5,000. ಮೊತ್ತ 60,695, ಮುಂದೆ ದಿನಕ್ಕೆ ಸುಮಾರು 9 ರೂಪಾಯಿ 37 ಪೈಸೆ. ಆ ದಿನದ ದರ ಬರೆಯುವುದನ್ನು ಬಿಡಬೇಡಿ. ಎದುರುದಾರರು ಐವತ್ತು ಸಾವಿರದ ಚೆಕ್ ತಂದು ಲೆಕ್ಕ ಚುಕ್ತಾ ಎಂದರೆ, 'ಭಾಗಶಃ ಪಾವತಿ' ಎಂದು ಬರೆದೇ ತೆಗೆದುಕೊಳ್ಳಿ. ಆದೇಶದಲ್ಲಿ ಬೇರೆ ರೀತಿ ಹೇಳದಿದ್ದರೆ ಬಂದದ್ದು ಮೊದಲು ಬಡ್ಡಿ ಮತ್ತು ಖರ್ಚಿಗೆ, ಕೊನೆಗೆ ಅಸಲಿಗೆ ಜಮಾ, ಉಳಿದ ಅಸಲಿಗೆ ಬಡ್ಡಿ ಓಡುತ್ತಲೇ ಇರುತ್ತದೆ. ಕಂಪನಿಗಳು ಬಡ್ಡಿಯ ಮೇಲೆ ಟಿಡಿಎಸ್ (ಮೂಲದಲ್ಲೇ ಮುರಿದ ತೆರಿಗೆ) ಹಿಡಿದಿದ್ದರೆ ಅದು ಆದಾಯ ತೆರಿಗೆ ಪೋರ್ಟಲ್ಲಿನ ನಮ್ಮ ತೆರಿಗೆ ಲೆಕ್ಕದಲ್ಲಿ ಕಾಣಬೇಕು. ಕಾಣದಿದ್ದರೆ ಅಷ್ಟು ಕಡಿಮೆ ಕೊಟ್ಟ ಹಾಗೇ.

ಜಪ್ತಿಗೆ ಖಾತೆ ನಂಬರ್ ಎಲ್ಲಿಂದ? ಬಿಲ್ಲಿನ ಅಡಿಯಲ್ಲೇ ಎಷ್ಟೋ ಸಲ ಖಾತೆ ಮತ್ತು ಐಎಫ್‌ಎಸ್‌ಸಿ ಅಚ್ಚಾಗಿರುತ್ತದೆ. ಇಲ್ಲದಿದ್ದರೆ ನಾವು ಕೊಟ್ಟ ಚೆಕ್ ಯಾವ ಬ್ಯಾಂಕಿನಲ್ಲಿ ನಗದಾಯಿತು, ಆರ್‌ಟಿಜಿಎಸ್ ಯಾವ ಖಾತೆಗೆ ಹೋಯಿತು ಎಂಬುದು ನಮ್ಮದೇ ಬ್ಯಾಂಕಿನಲ್ಲಿ ಸಿಗುತ್ತದೆ. ಅಂಗಡಿಯ ಯಂತ್ರ, ಕುರ್ಚಿಗಳ ಜಪ್ತಿ ಕೇಳುವುದು ವ್ಯರ್ಥ. ಚಾಲ್ತಿ ಖಾತೆಯ ಮೇಲೆ ತಡೆ ಕೇಳಿ, ವ್ಯಾಪಾರ ನಡೆಯುತ್ತಿರುವವರು ಅದನ್ನು ತಡೆದುಕೊಳ್ಳಲಾರರು. 72ರ ಅರ್ಜಿಯನ್ನು ಯಾವ ಹಂತದಲ್ಲಿ ಮುಂದೊತ್ತಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ, ಅದು ಎದುರಿನವರನ್ನು ನೋಡಿ ಮಾಡುವಂಥದ್ದು.

ಈ ಕ್ರಮ ಕೆಲಸ ಮಾಡದ ಜಾಗ ಒಂದಿದೆ. ಕಂಪನಿ ಎನ್‌ಸಿಎಲ್‌ಟಿಯಲ್ಲಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ದಿವಾಳಿ ಪ್ರಕ್ರಿಯೆಗೆ ಹೋದರೆ ಮೊರಟೋರಿಯಂ, ಅಂದರೆ ವಸೂಲಿಗೆ ತಾತ್ಕಾಲಿಕ ತಡೆ, ಬಂದು ಅದರ ಮೇಲಿನ ವಸೂಲಿ ನಿಲ್ಲುತ್ತದೆ. ಆಗ ಸಾರ್ವಜನಿಕ ಪ್ರಕಟಣೆಯಲ್ಲಿ ಕೊಟ್ಟ ಗಡುವಿನೊಳಗೆ ರೆಸಲ್ಯೂಷನ್ ಪ್ರೊಫೆಷನಲ್‌ಗೆ (ದಿವಾಳಿ ಪ್ರಕ್ರಿಯೆ ನಡೆಸುವವರು) ಕ್ಲೇಮ್ ಸಲ್ಲಿಸಬೇಕು, ಮನೆ ಕೊಂಡವರಾದರೆ ಫಾರ್ಮ್ ಸಿಎಯಲ್ಲಿ, ಆಯೋಗದ ಆದೇಶದ ಪ್ರತಿ ಲಗತ್ತಿಸಿ. ಬಿಲ್ಡರ್ ಪ್ರಕರಣಗಳಲ್ಲಿ ಪ್ರತಿ ವಾಯಿದೆಗೆ ಮುಂಚೆ ಎನ್‌ಸಿಎಲ್‌ಟಿಯ ಜಾಲತಾಣದಲ್ಲಿ ಕಂಪನಿಯ ಹೆಸರು ಹುಡುಕಿ ನೋಡಿಕೊಂಡೇ ಹೋಗುತ್ತೇನೆ.

ಎದುರುದಾರರು ಆಯೋಗದಲ್ಲಿ ಹಣ ಠೇವಣಿ ಇಟ್ಟರೆ ಅದು ತಾನಾಗಿ ನಮ್ಮ ಖಾತೆಗೆ ಬರುವುದಿಲ್ಲ. ಬಿಡುಗಡೆ ಕೋರಿ ಮೆಮೊ, ಗುರುತಿನ ಚೀಟಿ, ಪಾಸ್‌ಬುಕ್ಕಿನ ಮೊದಲ ಪುಟದ ನಕಲು ಅಂದೇ ಕೊಟ್ಟುಬಿಡಿ. ಪಾಸ್‌ಬುಕ್ಕಿನಲ್ಲಿರುವ ಹೆಸರು ಮತ್ತು ದೂರಿನಲ್ಲಿರುವ ಹೆಸರು ಇನಿಷಿಯಲ್ ಸಮೇತ ಒಂದೇ ಇರಲಿ. ಅದನ್ನು ನೋಡಿಕೊಳ್ಳಬೇಕಾದದ್ದು ದೂರು ಬರೆಯುವ ದಿನವೇ.